ಮೇಲ್‌ನಲ್ಲಿತ್ತು, ಪತ್ರಿಕೆಯಲ್ಲಿರಲಿಲ್ಲ

ಔರಾದಿನ ನಮ್ಮ ವರದಿಗಾರ ಕಳುಹಿಸುವ ಮೇಲ್‌ಗಳಲ್ಲಿ ವಿಷಯ ಬರೆಯುವ ಜಾಗ ಯಾವಾಗಲೂ ಖಾಲಿ. ತೆರೆದರೆ ಮೊದಲ ಸಾಲಿನಿಂದಲೇ ಮಾತು ಶುರುವಾಗುತ್ತದೆ. ‘ಮೇಡಂ, ಇವತ್ತ ಸಂತ್ಯಾಗ ಭಾಳ ಗದ್ದಲ ಆಯ್ತು. ಟೊಮೆಟೊ ರೋಡಿಗಿ ಸುರುವಿ ಹೋದ್ರು. ಫೋಟೊ ಅದಾ, ಕಳಸ್ತೇನಿ.’ ಪೂರ್ಣವಿರಾಮ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಭಾಲ್ಕಿಯ ವರದಿಗಾರರು ನಿವೃತ್ತ ಕನ್ನಡ ಮಾಸ್ತರು. ಅವರ ಮೇಲ್ ಬಂದರೆ ಅಂಚೆಯವನು ಲಕೋಟೆ ಕೊಟ್ಟು ಹೋದಂತೆ. ‘ಇವರಿಗೆ’ ಎಂದು ಆರಂಭ. ನನ್ನ ಹುದ್ದೆ, ಕಚೇರಿಯ ವಿಳಾಸ, ‘ಮಾನ್ಯರೇ’, ಆಮೇಲೆ ‘ವಿಷಯ: ಭಾಲ್ಕಿ ಬಸ್ ನಿಲ್ದಾಣದ ಆವರಣದಲ್ಲಿ ಮಳೆನೀರು ಸಂಗ್ರಹಗೊಂಡು ಸಾರ್ವಜನಿಕರಿಗೆ ಅನನುಕೂಲ ಉಂಟಾಗಿರುವ ಕುರಿತು.’ ಕೊನೆಯಲ್ಲಿ ಎಡಕ್ಕೆ ಸ್ಥಳ ಮತ್ತು ದಿನಾಂಕ, ಬಲಕ್ಕೆ ‘ಇಂತಿ ತಮ್ಮ ವಿಶ್ವಾಸಿ’. ಅದನ್ನು ಬಲಕ್ಕೆ ತಳ್ಳಲು ಎಷ್ಟು ಸಲ ಗುಂಡಿ ಒತ್ತುತ್ತಿದ್ದರೋ ಗೊತ್ತಿಲ್ಲ. ನನ್ನ ಪರದೆಗೆ ಬರುವಷ್ಟರಲ್ಲಿ ಅದು ಕೆಳಗಿನ ಸಾಲಿಗೆ ಜಾರಿ, ದಿನಾಂಕದ ಕಾಲಬುಡದಲ್ಲಿ ಕೂತಿರುತ್ತಿತ್ತು.

ನಾನು ಬೀದರಿನಲ್ಲಿ ಒಂದು ದಿನಪತ್ರಿಕೆಯ ಜಿಲ್ಲಾ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಬಟ್ಟೆ ಅಂಗಡಿಯ ಮೇಲೆ ಎರಡು ಖೋಲಿಗಳ ಕಚೇರಿ. ತಾಲ್ಲೂಕುಗಳಿಂದ ಬಂದದ್ದನ್ನು ಪತ್ರಿಕೆಯ ಕನ್ನಡಕ್ಕೆ ತಂದು, ಸಂಜೆ ಏಳರೊಳಗೆ ಕಲಬುರಗಿಯ ಡೆಸ್ಕಿಗೆ ದಾಟಿಸುವುದು ನನ್ನ ಕೆಲಸ. ಅಂದರೆ ಔರಾದಿನ ಮೇಲ್ ಅನ್ನು ಸ್ವಲ್ಪ ಮೇಲೆತ್ತಬೇಕು, ಭಾಲ್ಕಿಯ ಮೇಲ್ ಅನ್ನು ಸ್ವಲ್ಪ ಕೆಳಗಿಳಿಸಬೇಕು. ಎರಡೂ ಒಂದೇ ಮಟ್ಟಕ್ಕೆ ಬಂದರೆ ಅದು ಸುದ್ದಿ. ಈ ಎತ್ತಿ ಇಳಿಸುವ ಕೆಲಸ ನನಗೆ ಚೆನ್ನಾಗಿ ಬರುತ್ತದೆ ಎಂದು ಬಹಳ ದಿನ ನಂಬಿದ್ದೆ. ಈಗ ಅಷ್ಟು ನಂಬಿಕೆ ಇಲ್ಲ. ಹೀಗೆ ಎತ್ತುವಾಗ ನಾನು ಕೈಬಿಟ್ಟ ಒಂದು ವಾಕ್ಯದಿಂದ ಔರಾದ ತಾಲ್ಲೂಕಿನ ಒಬ್ಬ ಹೆಂಗಸಿನ ಕೆಲಸ ಹೋಗುವುದರಲ್ಲಿತ್ತು. ಆಗ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ನಮ್ಮಲ್ಲಿದ್ದ ಒಂದು ರೂಢಿಯನ್ನು ಹೇಳಬೇಕು. ಮೇಲ್ ಕಳುಹಿಸಿದ ಮೇಲೆ ವರದಿಗಾರರು ಫೋನ್ ಮಾಡುತ್ತಿದ್ದರು. ‘ಮೇಲ್ ಹಾಕೇನ್ರಿ, ಬಂದಾದೇನು ನೋಡ್ರಿ.’ ಬಂದಿದೆ ಎಂದರೆ ಮುಗಿಯಬೇಕು. ಮುಗಿಯುತ್ತಿರಲಿಲ್ಲ. ಭಾಲ್ಕಿಯ ಮಾಸ್ತರರು ಮೇಲ್‌ನಲ್ಲಿ ‘ಅನನುಕೂಲ ಉಂಟಾಗಿರುವ ಕುರಿತು’ ಎಂದು ಬರೆದವರೇ ಫೋನಿನಲ್ಲಿ, “ಅಲ್ರಿ ಮೇಡಂ, ನಾ ಸ್ವತಃ ಚಪ್ಪಲ ಕೈಯಾಗ ಹಿಡ್ಕೊಂಡು ಬಸ್ ಹತ್ತೇನಿ. ಕಂಡಕ್ಟರ್ ನನ್ನ ಕಾಲ ನೋಡಿ, ಮಾಸ್ತರ್, ನಾಟಿ ಮಾಡ್ಲಿಕ್ಕ ಹೋಗಿದ್ರೇನು ಅಂತ ಕೇಳ್ಯಾನ” ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು. ಇದನ್ನೇ ಬರೆಯಬಾರದಾ ಎಂದರೆ, “ಛೆ ಛೆ, ಬರವಣಿಗಿ ಅಂದಮ್ಯಾಲ ಒಂದು ಮರ್ಯಾದಿ ಇರ್ತದ್ರಿ” ಎನ್ನುತ್ತಿದ್ದರು.

ಔರಾದಿನ ವರದಿಗಾರರಿಗೆ ಮರ್ಯಾದೆಯ ಬರವಣಿಗೆ ಬರುವುದಿಲ್ಲ ಎಂದಲ್ಲ. ಕುರಿ ಸಾಕುವ ಮನೆತನದವರು, ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರು. ಬಸ್ ನಿಲ್ದಾಣದ ಎದುರು ಅವರದೊಂದು ಝೆರಾಕ್ಸ್ ಅಂಗಡಿ ಇದೆ. ಅಲ್ಲಿ ಕೂತು ಊರವರ ಅರ್ಜಿಗಳನ್ನು ಬರೆದುಕೊಡುತ್ತಾರೆ. ಅವರು ಬರೆದ ಒಂದು ಅರ್ಜಿ ನೋಡಿದ್ದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬಲ್ಲಿಂದ ಹಿಡಿದು ಒಂದು ಕಡೆಯೂ ಎಡವಿರಲಿಲ್ಲ. ಒಮ್ಮೆ ಕೇಳಿದೆ: “ಅರ್ಜಿ ಅಷ್ಟು ಛಂದ ಬರೀತೀರಿ, ನನಗ ಯಾಕ ಹಿಂಗ ಬರೀತೀರಿ?”

“ಅರ್ಜಿ ಸಾಹೇಬ್ರಿಗಿ ಹೋಗ್ತದ್ರಿ ಮೇಡಂ. ಮೇಲ್ ನಿಮಗ ಬರ್ತದ” ಎಂದರು.

ಅದು ಹೊಗಳಿಕೆಯೋ ಅಲ್ಲವೋ ಎಂದು ಆಗ ಯೋಚಿಸಿದ್ದೆ. ಈಗ ಅನ್ನಿಸುವುದು, ಅವರು ಮೇಲ್ ಎಂದರೇನು ಎಂಬುದನ್ನು ನನಗಿಂತ ಸರಿಯಾಗಿ ತಿಳಿದಿದ್ದರು. ಅವರ ಲೆಕ್ಕದಲ್ಲಿ ಅದು ಕಾಗದವಲ್ಲ. ಎದುರಿಗೆ ಇಲ್ಲದವರ ಜೊತೆ ಆಡುವ ಮಾತು, ಅಷ್ಟೆ. ಮಾಸ್ತರರ ಲೆಕ್ಕದಲ್ಲಿ ಅದು ಕಾಗದವೇ, ಬೇಗ ಮುಟ್ಟುವ ಕಾಗದ. ನನ್ನ ಮಟ್ಟಿಗೆ ಎರಡೂ ಅಲ್ಲ. ಅದು ಕಚ್ಚಾ ಮಾಲು.

ಮೇಲ್‌ನಲ್ಲಿ ನಾನು ಬಹಳ ಚುಟುಕಾಗಿ ಬರೆಯುತ್ತಿದ್ದೆ. ಒಂದು ದಿನ ಮಾಸ್ತರರಿಗೆ ‘ಫೋಟೊ ಎಲ್ಲಿ?’ ಎಂದು ಎರಡೇ ಪದದ ಮೇಲ್ ಹಾಕಿದೆ. ಮೂರು ದಿನ ಭಾಲ್ಕಿಯಿಂದ ಸುದ್ದಿಯೇ ಬರಲಿಲ್ಲ. ನಾಲ್ಕನೆಯ ದಿನ ನಾನೇ ಫೋನ್ ಮಾಡಿದೆ.

“ಆರಾಮ ಇದ್ದೀರೇನ್ರಿ ಸರ?”

“ಆರಾಮ ಇದ್ದೇನಿ. ಠಾಣಿಗಿ ಯಾವಾಗ ಬರಬೇಕು ಹೇಳ್ರಿ.”

“ಯಾವ ಠಾಣಿ?”

“ನಮಸ್ಕಾರ ಇಲ್ಲ, ಏನಿಲ್ಲ. ಫೋಟೊ ಎಲ್ಲಿ ಅಂತ ಪೊಲೀಸರು ಕೇಳಿದಂಗ ಕೇಳೀರಿ. ನಾ ಅಂದ್ಕೊಂಡೆ, ಇನ್ನ ಲಾಠಿ ಒಂದು ಬರೋದು ಉಳಿದದ.”

ಇಬ್ಬರೂ ನಕ್ಕೆವು. ಆದರೆ ಆ ಮೂರು ದಿನ ಅವರು ನಕ್ಕಿರಲಿಲ್ಲ. ಅದೇ ಮಾತನ್ನು ನಾನು ಫೋನಿನಲ್ಲಿ ಕೇಳಿದ್ದರೆ ನನ್ನ ದನಿ ಅವರಿಗೆ ಕೇಳುತ್ತಿತ್ತು. ಕಾಗದದಲ್ಲಿ ಬರೆದಿದ್ದರೆ ‘ಮಾನ್ಯರೇ’ ಎಂದಾದರೂ ಬರೆಯುತ್ತಿದ್ದೆ. ಮೇಲ್‌ನಲ್ಲಿ ದನಿಯೂ ಇರಲಿಲ್ಲ, ಮಾನ್ಯರೇ ಎಂಬುದೂ ಇರಲಿಲ್ಲ.

ಇದರಿಂದ ನಾನು ಪಾಠ ಕಲಿತೆನೇ? ಕಲಿತೆ, ಆದರೆ ತಪ್ಪು ಪಾಠ. ಸಂಜೆ ಐದರಿಂದ ಏಳರವರೆಗೆ ಪುಟದ ಕೆಲಸ ನಡೆಯುವಾಗಲೇ ಎಲ್ಲರ ಫೋನು ಬರುತ್ತಿತ್ತು. ಒಬ್ಬರ ಜೊತೆ ಮಾತಾಡುವಾಗ ಇನ್ನೊಬ್ಬರದು ತಪ್ಪುತ್ತಿತ್ತು. ಹೇಳಿದ್ದು ಯಾರು, ಕೇಳಿಸಿಕೊಂಡದ್ದು ಏನು ಎಂಬುದಕ್ಕೆ ಆಧಾರ ಇರುತ್ತಿರಲಿಲ್ಲ. ಹಾಗಾಗಿ ಎಲ್ಲ ತಾಲ್ಲೂಕುಗಳಿಗೆ ಒಂದು ಮೇಲ್ ಕಳುಹಿಸಿದೆ. ಸುದ್ದಿಗೆ ಸಂಬಂಧಿಸಿದ ಎಲ್ಲ ವಿವರ ಮೇಲ್‌ನಲ್ಲೇ ಇರಲಿ, ಸಂಜೆ ಐದರ ಮೇಲೆ ಫೋನ್ ಬೇಡ. ಈ ಸಲ ನಮಸ್ಕಾರದಿಂದ ಆರಂಭಿಸಿ ವಂದನೆಯಿಂದ ಮುಗಿಸಿದೆ.

ಮಾಸ್ತರರಿಂದ ಉತ್ತರ ಬಂತು: ‘ತಮ್ಮ ಸೂಚನೆಯನ್ನು ಗಮನಿಸಲಾಗಿದೆ.’ ಔರಾದಿನಿಂದ ಬಂದದ್ದು ‘ಆಯ್ತ್ರಿ’ ಮಾತ್ರ.

ಸಂಜೆಗಳು ಶಾಂತವಾದವು. ಪುಟ ಹೊತ್ತಿಗೆ ಸರಿಯಾಗಿ ಹೋಗತೊಡಗಿತು. ನನ್ನ ಕ್ರಮ ಸರಿ ಎಂದೇ ಅನ್ನಿಸಿತು.

ಒಂದು ಮಂಗಳವಾರ ಸಂಜೆ ಆರರ ಹೊತ್ತಿಗೆ ಔರಾದಿನ ಮೇಲ್ ಬಂತು. ಗ್ರಾಮದ ಹೆಸರು ಇಲ್ಲಿ ಬೇಡ. ಮೇಲ್ ಹೀಗಿತ್ತು:

‘ಮೇಡಂ, ಇಲ್ಲಿ ಸರ್ಕಾರಿ ಸಾಲ್ಯಾಗ ಮಧ್ಯಾಹ್ನ ಊಟ ಆದಮ್ಯಾಲ ಹನ್ನೊಂದು ಹುಡುಗರು ವಾಂತಿ ಮಾಡ್ಯಾರ. ದವಾಖಾನಿಗಿ ಒಯ್ದು ಸಂಜಿಗಿ ಮನಿಗಿ ಕಳಿಸ್ಯಾರ. ಎಲ್ಲರೂ ಆರಾಮ ಇದ್ದಾರ. ಅಡುಗಿ ಬಾಯಿ ಬರೋಬರ ನೋಡಕೊಂಡಿಲ್ಲ ಅಂತ ಮಂದಿ ಅಂತಾರ. ನನಗ ಹಂಗ ಅನಸಂಗಿಲ್ಲ. ಬ್ಯಾರೆ ಏನರ ಇರಬೇಕು. ನಾಳಿ ಮತ್ತ ಹೋಗಿ ನೋಡ್ತೇನಿ.’

ನಾನು ಅದನ್ನು ಸುದ್ದಿ ಮಾಡಿದೆ. ಹನ್ನೊಂದು ವಿದ್ಯಾರ್ಥಿಗಳು ಅಸ್ವಸ್ಥ, ಚಿಕಿತ್ಸೆಯ ನಂತರ ಚೇತರಿಕೆ. ಅಡುಗಿ ಬಾಯಿ, ಅಂದರೆ ಅಡುಗೆಯ ಹೆಂಗಸಿನ ಬಗ್ಗೆ ಮೂರನೆಯ ವಾಕ್ಯ ಹೀಗೆ ಬರೆದೆ: ‘ಬಿಸಿಯೂಟದ ಮುಖ್ಯ ಅಡುಗೆಯವರ ನಿರ್ಲಕ್ಷ್ಯವೇ ಘಟನೆಗೆ ಕಾರಣ ಎಂದು ಗ್ರಾಮಸ್ಥರು ಆರೋಪಿಸಿದ್ದಾರೆ.’ ವರದಿಗಾರರ ‘ನನಗ ಹಂಗ ಅನಸಂಗಿಲ್ಲ’ ಎಂಬುದನ್ನು ತೆಗೆದೆ. ವರದಿಗಾರನಿಗೆ ಏನು ಅನ್ನಿಸಿತು ಎಂಬುದು ಸುದ್ದಿಯಲ್ಲಿ ಬರಬಾರದು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನನಗೆ ಇದನ್ನು ಕಲಿಸಿದ್ದರು, ನಾನೂ ಬಹಳ ಜನಕ್ಕೆ ಕಲಿಸಿದ್ದೇನೆ. ‘ಬ್ಯಾರೆ ಏನರ ಇರಬೇಕು’ ಎಂಬುದನ್ನೂ ತೆಗೆದೆ. ಅದು ಊಹೆ. ಇಡೀ ಕೆಲಸಕ್ಕೆ ನಾಲ್ಕು ನಿಮಿಷ ಹಿಡಿದಿರಬಹುದು.

ಹಳೆಯ ರೂಢಿ ಇದ್ದಿದ್ದರೆ ಅವರು ಫೋನ್ ಮಾಡುತ್ತಿದ್ದರು. ಆ ‘ಅಂತ ಮಂದಿ ಅಂತಾರ’ ಎಂಬ ಮಾತು ಅವರ ಬಾಯಿಂದ ಹೇಗೆ ಬರುತ್ತದೆ ಎಂದು ನನಗೆ ಗೊತ್ತು. ಅರ್ಧ ತಾತ್ಸಾರ, ಮೂಗಿನಿಂದ ಒಂದು ಉಸಿರು. ಕೇಳಿದವರಿಗೆ ಇದನ್ನು ನಂಬಬೇಡಿ ಎಂದು ಹೇಳಿದಂತೆಯೇ. ಅಕ್ಷರದಲ್ಲಿ ಆ ಉಸಿರು ಇರಲಿಲ್ಲ. ಅದಕ್ಕೇ ಅವರು ಮುಂದಿನ ವಾಕ್ಯವನ್ನು ಬರೆದದ್ದು. ದನಿ ಇಲ್ಲದ ಜಾಗದಲ್ಲಿ ದನಿಯ ಕೆಲಸ ಮಾಡಲಿ ಎಂದು. ನಾನು ಅದನ್ನೇ ತೆಗೆದಿದ್ದೆ.

ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವರು ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಹಿಂದೆ ಒಬ್ಬ ಹೆಂಗಸು. ಐವತ್ತರ ಆಸುಪಾಸು, ಹಸಿರು ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಮಡಚಿದ ನಮ್ಮ ಪತ್ರಿಕೆ.

“ಇವರೇ ರೀ ಮೇಡಂ, ಅಡುಗಿ ಬಾಯಿ” ಎಂದರು ವರದಿಗಾರ.

ಕುರ್ಚಿ ತೋರಿಸಿದೆ. ಆಕೆ ಕೂರಲಿಲ್ಲ. ಪತ್ರಿಕೆ ಬಿಡಿಸಿ, ಬೆರಳಿಟ್ಟು ನನ್ನ ಮುಂದೆ ಹಿಡಿದಳು. ಬೆರಳು ಸರಿಯಾದ ಸಾಲಿನ ಮೇಲೇ ಇತ್ತು.

“ಇದು ನೀವು ಬರದೀರೇನ್ರಿ ಅಕ್ಕೋರ?”

“ಹೌದು.”

“ಈ ಮಾತಿನ ಅರ್ಥ ನನಗ ಗೊತ್ತಿದ್ದಿಲ್ರಿ. ಹೆಡ್ ಮಾಸ್ತರ್ ಹೇಳ್ಯಾರ. ನಿರ್ಲಕ್ಷ್ಯ ಅಂದ್ರ ಬೇಪರವಾಹಿ ಅಂತ. ನಾ ಬೇಪರವಾಹಿ ಮಾಡೇನಿ?”

ಹೇಳಬಾರದ ಮಾತನ್ನು ಹೇಳಿದೆ. “ಪತ್ರಿಕೆ ಹಾಗೆ ಹೇಳಿಲ್ಲಮ್ಮ. ಊರವರು ಆರೋಪ ಮಾಡಿದ್ದಾರೆ ಅಂತ ಬರೆದದ್ದು. ನಿಮ್ಮ ಹೆಸರೂ ಹಾಕಿಲ್ಲ.”

ವರದಿಗಾರ ತಲೆ ತಗ್ಗಿಸಿಕೊಂಡೇ, “ಊರಾಗ ಸಾಲಿ ಒಂದೇ ರೀ ಮೇಡಂ. ಮುಖ್ಯ ಅಡುಗಿಯಾಕೀನೂ ಒಬ್ಬಾಕೀನೇ” ಎಂದರು.

ಆಕೆ ಹೇಳಿದ್ದು ಇಷ್ಟು. ಮಂಗಳವಾರ ಸಂಜೆ ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಅವಳ ಅಡುಗೆಯ ಬಗ್ಗೆ ಆಡಿದ್ದರು. ಅವಳೂ ಸುಮ್ಮನಿರಲಿಲ್ಲ, ತಿರುಗಿ ಆಡಿದ್ದಳು. ಅಲ್ಲಿಗೆ ಮುಗಿದಿತ್ತು. ಬುಧವಾರ ಪತ್ರಿಕೆ ಬಂತು. ಶಾಲೆಯ ಸಮಿತಿಯವರು ಕರೆದು, ಪೇಪರಿನಲ್ಲೇ ಬಂದಿರುವಾಗ ಇಟ್ಟುಕೊಳ್ಳುವುದು ಹೇಗೆ, ಸದ್ಯಕ್ಕೆ ಬರಬೇಡ ಎಂದರು. ಶನಿವಾರ ಸಭೆ. ಅಂದು ಬೇರೆಯವರನ್ನು ನೇಮಿಸುವ ಮಾತಿತ್ತು.

“ಮಂದಿ ಬಾಯಾಗ ಬಂದಿದ್ದಕ್ಕ ನಾ ಅಲ್ಲೇ ಜವಾಬ ಕೊಟ್ಟೇನ್ರಿ” ಎಂದಳು. “ಪೇಪರ್ ಜೋಡಿ ಹ್ಯಾಂಗ ಜಗಳಾಡ್ಲಿ? ಅದು ಮುಂಜಾನಿ ಬಂದು ತನ್ನ ಮಾತು ಹೇಳಿ ಸುಮ್ಮನ ಕೂಡ್ತದ.”

ನಾನು ಕಂಪ್ಯೂಟರ್ ತೆರೆದು ಮಂಗಳವಾರದ ಮೇಲ್ ತೆಗೆದೆ. ಅವರು ತಪ್ಪಾಗಿ ಬರೆದಿದ್ದರೇ ಎಂದು ಖಚಿತ ಮಾಡಿಕೊಳ್ಳುವುದಕ್ಕೆ ಎಂದುಕೊಂಡೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಅವರು ತಪ್ಪಾಗಿ ಬರೆದಿರಲಿ ಎಂಬ ಆಸೆಯೂ ಇತ್ತು. ವಾಕ್ಯ ಅಲ್ಲೇ ಇತ್ತು. ಓದಿದೆ. ಆಮೇಲೆ ಆಕೆಗೆ ಕೇಳುವಂತೆ ಗಟ್ಟಿಯಾಗಿ ಓದಿದೆ: ‘ನನಗ ಹಂಗ ಅನಸಂಗಿಲ್ಲ.’

ಆಕೆ ವರದಿಗಾರರ ಕಡೆ ತಿರುಗಿದಳು. “ಅಣ್ಣಾ, ಇದು ನೀ ಬರದಿದ್ದೇನು?”

“ಹೂಂ.”

“ಮತ್ತ ನಿನ್ನಿ ನಿನ್ನ ಅಂಗಡಿ ಮುಂದ ನಿಂತು ಅಷ್ಟು ಬೈದೆ ನಾನು, ಒಂದು ಮಾತು ಹೇಳಲಿಲ್ಲ?”

ಅವರು ನನ್ನ ಕಡೆ ನೋಡಲಿಲ್ಲ. ಹಿಂದಿನ ದಿನವಿಡೀ ಊರವರ ಮುಂದೆ, ನಾನು ಬರೆದದ್ದು ಬೇರೆ, ಬೀದರಿನಲ್ಲಿ ತೆಗೆದರು ಎಂದು ಹೇಳಬಹುದಾಗಿದ್ದ ಮನುಷ್ಯ ಹೇಳಿರಲಿಲ್ಲ.

“ತೆಗೆದದ್ದು ನಾನು” ಎಂದೆ.

ಆಕೆ ನನ್ನ ಕಡೆ ತಿರುಗಿದಳು. “ಯಾಕ್ರಿ?”

ಆ ಪ್ರಶ್ನೆಗೆ ಪತ್ರಿಕೋದ್ಯಮದ ಉತ್ತರ ನನ್ನ ಬಳಿ ಇತ್ತು. ಅದನ್ನು ಹೇಳುವ ಬದಲು ಮತ್ತೆ ಕುರ್ಚಿ ತೋರಿಸಿದೆ. ಈ ಸಲ ಆಕೆ ಕೂತಳು. ಕೆಳಗಿನಿಂದ ಚಹಾ ತರಿಸಿದೆ. ವರದಿಗಾರ ಬುಧವಾರ ಮತ್ತೆ ಶಾಲೆಗೆ ಹೋಗಿದ್ದರಂತೆ. ವಾಂತಿ ಮಾಡಿದ ಹನ್ನೊಂದು ಮಕ್ಕಳಲ್ಲಿ ಇಬ್ಬರು ಮನೆಯಿಂದ ಡಬ್ಬಿ ತರುವವರು, ಶಾಲೆಯ ಊಟ ಮುಟ್ಟುವುದೇ ಇಲ್ಲ. ಆದರೆ ಎಲ್ಲರೂ ಒಂದೇ ಟಾಕಿಯ ನೀರು ಕುಡಿದಿದ್ದರು.

“ಇದನ್ನ ನಿನ್ನೆನೇ ಯಾಕ ತಿಳಿಸಲಿಲ್ಲ?”

“ಸಂಜಿ ಆರಾಗಿತ್ರಿ. ಫೋನ್ ಬ್ಯಾಡ ಅಂದೀರಲ್ಲ.”

“ಮೇಲ್ ಹಾಕಬೇಕಿತ್ತು.”

“ಹಾಕಿದ್ರ ಏನ್ ಉಳೀತದ, ಏನ್ ಹೋಗ್ತದ ಗೊತ್ತಾಗಂಗಿಲ್ರಿ” ಎಂದರು. ಸಿಟ್ಟಿರಲಿಲ್ಲ. ನೆಟ್‌ವರ್ಕ್ ಇಲ್ಲ ಎನ್ನುವಾಗಿನ ದನಿಯಲ್ಲೇ ಹೇಳಿದರು.

ಅವರನ್ನು ಅಲ್ಲೇ ಕೂರಿಸಿಕೊಂಡು ಮುಖ್ಯಶಿಕ್ಷಕರಿಗೆ ಫೋನ್ ಮಾಡಿದೆ. ಇಬ್ಬರು ಮಕ್ಕಳು ಊಟ ಮಾಡಿರಲಿಲ್ಲ ಎಂಬುದನ್ನು ಅವರು ಒಪ್ಪಿದರು. ಹಾಜರಿಯ ಜೊತೆ ಊಟದ ಪಟ್ಟಿಯೂ ಇದೆ ಎಂದರು. ನಿಮ್ಮ ಹೇಳಿಕೆ ಎಂದು ಹಾಕಬಹುದೇ ಎಂದಾಗ, “ಹಾಕ್ರಿ. ಖರೆನೇ ಅದ” ಎಂದರು. ದವಾಖಾನೆಯ ವೈದ್ಯರು ನೀರಿನ ಮಾದರಿ ಪರೀಕ್ಷೆಗೆ ಕಳುಹಿಸಿರುವುದಾಗಿ ಹೇಳಿದರು. ಕಾರಣ ಇದೇ ಎಂದು ಹೇಳಲು ಒಪ್ಪಲಿಲ್ಲ. ಅದು ಸರಿಯೇ.

ಇಬ್ಬರೂ ಮಧ್ಯಾಹ್ನದ ಬಸ್ಸಿಗೆ ಔರಾದಿಗೆ ಹೊರಟರು. ಬಾಗಿಲ ಬಳಿ ಆಕೆ ನಿಂತು, “ಶನಿವಾರಕ್ಕ ಮುಂಚೆ ಬರ್ತದೇನ್ರಿ?” ಎಂದು ಕೇಳಿದಳು. ಪ್ರಯತ್ನ ಮಾಡುತ್ತೇನೆ ಎಂದೆ. ಆಕೆ ವರದಿಗಾರರನ್ನು ಕೇಳಿದಳು, “ಪ್ರಯತ್ನ ಅಂದ್ರ ಬರ್ತದೋ, ಬರಂಗಿಲ್ಲೋ?” ಅವರಿಗೆ ನಗು ಬಂತು. “ಬರ್ತದ ನಡಿ” ಎಂದರು.

ಬರುತ್ತದೆ ಎಂಬ ಖಾತ್ರಿ ನನಗಿರಲಿಲ್ಲ. ಕಲಬುರಗಿಯ ಡೆಸ್ಕಿನ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಹಳೆಯ ಪರಿಚಯ, ನಿಷ್ಠುರದ ಮನುಷ್ಯ.

“ತಪ್ಪು ಎಲ್ಲಿ ಅದ ಹೇಳ್ರಿ. ಊರವರು ಹಂಗ ಅಂದಾರೋ ಇಲ್ಲೋ?”

“ಅಂದಾರ.”

“ಮತ್ತ? ಆರೋಪಿಸಿದ್ದಾರ ಅಂತ ಬರದೀರಿ. ಬರೋಬರನೇ ಅದ.”

“ಅದು ಆರೋಪ ಅಲ್ರಿ. ನಲ್ಲಿ ಹತ್ರ ಇಬ್ಬರು ಆಡಿದ ಮಾತು. ಆರೋಪ ಮಾಡಿದ್ದು ನಾನು.”

“ಮೇಲ್ ಹಾಕ್ರಿ. ಬಾಯಿ ಮಾತಿನ ಮ್ಯಾಲ ಸ್ಪಷ್ಟನೆ ಹಾಕ್ಲಿಕ್ಕ ಬರಂಗಿಲ್ಲ” ಎಂದರು.

ಮೇಲ್ ಬರೆಯಲು ಕೂತೆ. ಮೊದಲು ಬಂದದ್ದು ಹೀಗೆ: ‘ಬುಧವಾರದ ಸಂಚಿಕೆಯ ವರದಿಯಲ್ಲಿ ಸ್ಥಳೀಯ ವರದಿಗಾರರು ನೀಡಿದ್ದ ಕೆಲವು ಅಂಶಗಳು ಕೈಬಿಟ್ಟುಹೋಗಿರುವುದು ಗಮನಕ್ಕೆ ಬಂದಿದೆ.’ ಓದಿ ನೋಡಿದೆ. ಒಳ್ಳೆಯ ವಾಕ್ಯ. ಭಾಲ್ಕಿಯ ಮಾಸ್ತರರು ಮೆಚ್ಚುವಂಥದ್ದು. ಆದರೆ ಅದರಲ್ಲಿ ಯಾರೂ ಇರಲಿಲ್ಲ. ಅಂಶಗಳು ತಾವಾಗಿ ಕೈಬಿಟ್ಟುಹೋಗಿದ್ದವು, ತಾನಾಗಿ ಅದು ಗಮನಕ್ಕೆ ಬಂದಿತ್ತು. ಕಚೇರಿಯ ಕನ್ನಡ ಇಷ್ಟು ವರ್ಷ ನನಗೆ ಒದಗಿಸಿದ ಅನುಕೂಲ ಇದೇ. ಅದರೊಳಗೆ ನಿಂತರೆ ಯಾರ ಕೈಯೂ ಕಾಣುವುದಿಲ್ಲ.

ಅಳಿಸಿದೆ. ಆಮೇಲೆ ಮಾತಾಡಿದಂತೆಯೇ ಬರೆಯಲು ಹೋದೆ. ಅದು ಅಳುಕಿನಂತೆ, ಸಮಜಾಯಿಷಿಯಂತೆ ಆಯಿತು. ಮಾತಿನಲ್ಲಿ ಎದುರಿನವರು ತಡೆದು ಕೇಳುತ್ತಾರೆ, ನಾವು ತಿದ್ದಿಕೊಳ್ಳುತ್ತೇವೆ. ಬರಹದಲ್ಲಿ ಹಾಗೆ ಹರಿಯಬಿಟ್ಟರೆ ಎಲ್ಲಿಗೋ ಹೋಗುತ್ತದೆ. ಅದನ್ನೂ ಅಳಿಸಿದೆ.

ಕೊನೆಗೆ ಕಳುಹಿಸಿದ್ದು ಇಷ್ಟು:

‘ನಮಸ್ಕಾರ. ಮಂಗಳವಾರ ಔರಾದಿನ ವರದಿಗಾರರು ಕಳುಹಿಸಿದ ಮೂಲ ಮೇಲ್ ಕೆಳಗಿದೆ. ಅಡುಗೆಯವರ ತಪ್ಪು ಎಂದು ತಮಗೆ ಅನ್ನಿಸುವುದಿಲ್ಲ ಎಂದು ಅವರು ಬರೆದಿದ್ದರು. ಆ ವಾಕ್ಯ ತೆಗೆದದ್ದು ನಾನು. ಇಬ್ಬರು ಆಡಿದ ಮಾತನ್ನು ಗ್ರಾಮಸ್ಥರ ಆರೋಪ ಎಂದು ಬರೆದದ್ದೂ ನಾನು. ಅಡುಗೆಯವರನ್ನು ಮಾತಾಡಿಸದೆಯೇ ಸುದ್ದಿ ಕಳುಹಿಸಿದೆ. ಅಸ್ವಸ್ಥರಾದವರಲ್ಲಿ ಇಬ್ಬರು ಶಾಲೆಯ ಊಟ ಮಾಡಿರಲಿಲ್ಲ ಎಂದು ಮುಖ್ಯಶಿಕ್ಷಕರು ಇಂದು ನನಗೆ ಹೇಳಿದ್ದಾರೆ. ಶನಿವಾರ ಆಕೆಯ ಕೆಲಸದ ಬಗ್ಗೆ ಸಭೆ ಇದೆ. ನಾಳೆ ಬೆಳಿಗ್ಗೆಯ ಸಂಚಿಕೆಯಲ್ಲಿ ಸ್ಪಷ್ಟನೆ ಬರಬೇಕು ಎಂಬುದು ನನ್ನ ಕೋರಿಕೆ. ಕರಡು ಜೊತೆಗಿದೆ.’

ಇದನ್ನು ನಾನು ಯಾರ ಎದುರಿಗೂ ಇಷ್ಟು ನೇರವಾಗಿ ಹೇಳುತ್ತಿರಲಿಲ್ಲ. ನಡುವೆ ಕಾರಣಗಳನ್ನು ತೂರಿಸುತ್ತಿದ್ದೆ. ಅಚ್ಚಿಗೆ ಹೋಗುವ ಬರಹದಲ್ಲಿ ‘ನಾನು’ ಎಂಬ ಪದಕ್ಕೆ ಜಾಗವೇ ಇಲ್ಲ. ಮಾತಿನಲ್ಲಿ ಹೇಳಲಾಗದ, ಪತ್ರಿಕೆಯಲ್ಲಿ ಬರೆಯಲಾಗದ ಒಂದು ಬಗೆಯ ಸತ್ಯಕ್ಕೆ ಈ ನಡುವಿನ ಭಾಷೆ ಒಗ್ಗುತ್ತದೆ ಎಂದು ನನಗೆ ಅಂದು ಅನ್ನಿಸಿತು. ಮೇಲ್‌ನಲ್ಲಿ ಹೇಳುವವರು ಯಾರೆಂದು ಗೊತ್ತಿರುತ್ತದೆ, ಕೇಳುವವರೂ ಗೊತ್ತಿರುತ್ತಾರೆ. ಹೇಳಿದ್ದು ಉಳಿಯುತ್ತದೆ. ಔರಾದಿನವರು ಇಷ್ಟು ವರ್ಷ ಅದನ್ನು ಹಾಗೆಯೇ ಬಳಸುತ್ತಿದ್ದರು.

ಉತ್ತರ ಒಂದೇ ಪದ: ‘ನೋಡ್ತೇನಿ.’

ಫೋನಿನಲ್ಲಾಗಿದ್ದರೆ ಆ ಪದ ಯಾವ ಕಡೆ ವಾಲಿದೆ ಎಂದು ಗೊತ್ತಾಗುತ್ತಿತ್ತು. ಮೂರು ಸಲ ಓದಿದರೂ ತಿಳಿಯಲಿಲ್ಲ. ಐದಾಗಿತ್ತು. ಫೋನ್ ಮಾಡಲು ಕೈ ಹೋಯಿತು. ಅವರಿಗೂ ಅದು ಪುಟದ ಹೊತ್ತು. ಮಾಡಲಿಲ್ಲ.

ಶುಕ್ರವಾರದ ಪತ್ರಿಕೆಯ ಒಳಪುಟದ ಕೆಳಗಿನ ಮೂಲೆಯಲ್ಲಿ ಅದು ಬಂದಿತ್ತು. ನಾನು ಕಳುಹಿಸಿದ ಕರಡಿನಲ್ಲಿ ಹತ್ತು ಸಾಲು ಇತ್ತು, ಬಂದದ್ದು ಐದು. ಆದರೆ ಬೇಕಾದ ಮೂರು ವಾಕ್ಯ ಉಳಿದಿದ್ದವು. ಇಬ್ಬರು ವಿದ್ಯಾರ್ಥಿಗಳು ಬಿಸಿಯೂಟ ಸೇವಿಸಿರಲಿಲ್ಲ ಎಂದು ಮುಖ್ಯಶಿಕ್ಷಕರು ತಿಳಿಸಿದ್ದಾರೆ. ಅಡುಗೆಯವರ ನಿರ್ಲಕ್ಷ್ಯ ಎಂಬ ಹಿಂದಿನ ಉಲ್ಲೇಖಕ್ಕೆ ಆಧಾರವಿಲ್ಲ. ಅದು ಪ್ರಕಟವಾದದ್ದಕ್ಕೆ ಪತ್ರಿಕೆ ವಿಷಾದಿಸುತ್ತದೆ.

ಅಂದು ಮಧ್ಯಾಹ್ನ ಭಾಲ್ಕಿಯ ಮಾಸ್ತರರು ಏನೋ ಕೆಲಸಕ್ಕೆ ಬೀದರಿಗೆ ಬಂದವರು ಕಚೇರಿಗೂ ಬಂದರು. ಸ್ಪಷ್ಟನೆ ಓದಿದ್ದರು. ನಡೆದದ್ದನ್ನು ಹೇಳಿದೆ. “ವಿಷಾದಿಸುತ್ತದ ಅಂತ ಪತ್ರಿಕಾ ಹೇಳಿದ್ರ ಮುಗೀತೇನ್ರಿ?” ಎಂದರು. “ಆ ಬಾಯಿಗಿ ನೀವು ಹೇಳೀರೇನು?” ಹೇಳಿರಲಿಲ್ಲ. ತೆಗೆದದ್ದು ನಾನು ಎಂದು ಹೇಳಿದ್ದೆ. ತಪ್ಪಾಯಿತು ಎಂದು ಹೇಳಿರಲಿಲ್ಲ.

ಶನಿವಾರದ ಸಭೆಗೆ ನಾನು ಹೋಗಲಿಲ್ಲ. ಹೋಗುವುದು ಸರಿಯಲ್ಲ ಎಂದು ವರದಿಗಾರರೇ ಅಂದರು. ಸಭೆಯಲ್ಲಿ ನಡೆದದ್ದನ್ನು ಅವರು ಅಂದೇ ಫೋನ್ ಮಾಡಿ ಹೇಳಿದರು. ಅಷ್ಟರಲ್ಲಿ ಐದರ ನಿಯಮ ನಾನು ಹಿಂತೆಗೆದುಕೊಂಡಿದ್ದೆ. ಸಮಿತಿಯ ಮುಂದೆ ಅವರು ಪತ್ರಿಕೆ ಬಿಡಿಸಿ ಐದೂ ಸಾಲು ಓದಿದ್ದರು. ಒಬ್ಬ ಹಿರಿಯರು, “ಬರೋಬರ. ಅಂದ್ರ ಏನಾಯ್ತು?” ಎಂದು ಕೇಳಿದ್ದರು.

“ನಾ ಹೇಳ್ದೆ ರೀ” ಎಂದರು ವರದಿಗಾರ. “ಕಾಕಾ, ಊಟಾ ಮುಟ್ಟಲಾರ್ದ ಹುಡುಗ್ರೂ ವಾಂತಿ ಮಾಡ್ಯಾವ. ಅಡುಗಿ ಬಾಯಿ ಕೈಯಾಗ ಗಲತಿ ಇಲ್ಲ, ತಪ್ಪಿಲ್ಲ. ಗಲತಿ ನಮ್ಮ ಪೇಪರಿಂದು. ಅದನ್ನೇ ಇಲ್ಲಿ ಮೆಲ್ಲಕ ಬರದಾರ ಅಂತ.”

“ಏನಂದರು?”

“ಹಿರಿಯರು ನಕ್ಕರು. ಇಷ್ಟು ಹೇಳ್ಲಿಕ್ಕ ಇಷ್ಟು ಸುತ್ತಾಡ್ಯಾರೇನು ಅಂದ್ರು. ಟಾಕಿ ತೊಳಸ್ರಿ ಅಂತ ಹೇಳಿ ಎದ್ದರು. ಬ್ಯಾರೆಯವರನ್ನ ತಗೋಳೋ ಮಾತೇ ಬರಲಿಲ್ಲ.”

ಅಂದರೆ ಅಚ್ಚಾದದ್ದು ಇರಬೇಕಿತ್ತು. ಅದಿಲ್ಲದೆ ಅವರ ಮಾತನ್ನು ಸಭೆ ಕೇಳುತ್ತಿರಲಿಲ್ಲ. ಆದರೆ ಅಚ್ಚಾದದ್ದು ತಾನಾಗಿ ಯಾರಿಗೂ ಏನನ್ನೂ ಹೇಳಿರಲಿಲ್ಲ. ಅದನ್ನು ಒಬ್ಬರು ಮತ್ತೆ ಮಾತಿಗೆ ಇಳಿಸಬೇಕಾಯಿತು.

ಈಗ ಔರಾದಿನ ಮೇಲ್‌ನಲ್ಲಿ ‘ನನಗ ಅನಸ್ತದ’, ‘ನನಗ ಅನಸಂಗಿಲ್ಲ’ ಎಂದು ಬಂದರೆ ಅಲ್ಲಿಯೇ ನಿಲ್ಲುತ್ತೇನೆ. ಸುದ್ದಿಯಲ್ಲಿ ಅದನ್ನು ಹಾಕುವುದಿಲ್ಲ. ಆ ನಿಯಮ ಈಗಲೂ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ತೆಗೆಯುವ ಮೊದಲು ಫೋನ್ ಮಾಡಿ, ಯಾಕೆ ಹಾಗೆ ಅನ್ನಿಸಿತು ಎಂದು ಕೇಳುತ್ತೇನೆ.

ಸೋಮವಾರ ಆ ಹೆಂಗಸಿಗೆ ಫೋನ್ ಮಾಡಿದೆ. ಭಾಲ್ಕಿಯ ಮಾಸ್ತರರು ಕೇಳಿದ ಮಾತು ಮೂರು ದಿನದಿಂದ ತಲೆಯಲ್ಲಿತ್ತು. ಏನು ಹೇಳಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡೂ ಇದ್ದೆ. ನಂಬರು ವರದಿಗಾರರು ಕೊಟ್ಟಿದ್ದರು. ಬಹಳ ಹೊತ್ತು ರಿಂಗಾಗಿ, ಇನ್ನೇನು ಇಡಬೇಕು ಎನ್ನುವಾಗ ಎತ್ತಿದಳು. ಹಿಂದೆ ತಟ್ಟೆಗಳ ಸದ್ದು, ಮಕ್ಕಳ ಗಲಾಟೆ. ನಾನು ಯಾರೆಂದು ಹೇಳಿದೆ.

“ಹಾಂ, ಅಕ್ಕೋರ.”

“ತಪ್ಪಾಯ್ತು ಅಂತ ಹೇಳಬೇಕಿತ್ತು” ಎಂದೆ. ಚೀಟಿಯಲ್ಲಿ ಇದ್ದದ್ದು ಬೇರೆ.

“ಕೇಳಸಂಗಿಲ್ರಿ, ಜರಾ ಜೋರ್ ಹೇಳ್ರಿ.”

“ತಪ್ಪಾಯ್ತು ನಂದು” ಎಂದು ಜೋರಾಗಿ ಹೇಳಿದೆ. ಕಚೇರಿಯಲ್ಲಿದ್ದವರು ತಲೆಯೆತ್ತಿ ನೋಡಿದರು.

“ಆಯ್ತ್ರಿ, ಆಯ್ತು” ಎಂದಳು ಆಕೆ. “ಈಗ ಹುಡುಗ್ರು ಪಂಕ್ತಿಗಿ ಕುಂತಾವ. ಸಾರು ಆರ್ತದ. ಆಮ್ಯಾಲ ಮಾತಾಡ್ತೇನಿ.”

ಫೋನ್ ಇಟ್ಟಳು.